ಹೊಳೆಪೇಟೆಯ ಹಗ್ಗ

ಬಸವಕಲ್ಯಾಣ
೨ ಜೂನ್ ೨೦೨೫

ಪ್ರೀತಿಯ ಖುಷ್ನುಮಾ,

ಸಲಾಮು ಮೊದಲು, ಜಗಳ ಆಮೇಲೆ. ಫೋನ್ ಮಾಡಬಹುದಿತ್ತು. ಆದರೆ ನೀನು ಸ್ಪೀಕರಿಗೆ ಹಾಕುತ್ತೀ, ಪಕ್ಕದಲ್ಲಿ ನನ್ನ ತಮ್ಮನ ಹೆಂಡತಿ ಮನಿಷಾ ಕೂತಿರುತ್ತಾಳೆ. ಅದಕ್ಕೇ ಈ ಪತ್ರವನ್ನು ನಿನ್ನ ಅಣ್ಣ ಏಜಾಜನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಮ್ಮ ಹೊಳೆಪೇಟೆಗೆ ಮೊದಲು ಬಂದು ನೆಲೆಸಿದವರ ಬಗ್ಗೆ ನೀನು ಮಾಡಿಸಿದ ವಿಡಿಯೊ ನೋಡಿದೆ. ಅರ್ಧ ನೋಡಿದೆ. ಕಥೆ ಹೇಳಲು ನಿನಗೆ ಮನಿಷಾಳೇ ಸಿಕ್ಕಳೇ? ಅವಳು ಸೊಸೆಯಾಗಿ ಬಂದದ್ದೇ ಹೋದ ವರ್ಷ. ನಮ್ಮ ಕಮಳಾಬಾಯಿ ರಾಜೇಶ್ವರದಿಂದ ಬಂದಳಂತೆ. ರಾಜೇಶ್ವರ ಮನಿಷಾಳ ತವರು. ನಮ್ಮ ಮುತ್ತಜ್ಜಿಯನ್ನು ಎತ್ತಿ ತನ್ನ ತವರಿಗೆ ಒಯ್ದುಬಿಟ್ಟಳು. ಅಲ್ಲಿಗೇ ಫೋನ್ ಮಗುಚಿ ಇಟ್ಟೆ.

ಸರಿಯಾದದ್ದು ಇದು. ಪ್ಲೇಗಿನ ವರ್ಷ ಕಲ್ಯಾಣ ಬಿಟ್ಟು ಬಂದ ನಿಮ್ಮ ಹಜಿರಾ ಬೀ ಹತ್ತಿರ ತಾಮ್ರದ ಕೊಡವಿತ್ತು. ಹುಡಗಿ ಎಂಬ ಊರಿನಿಂದ ಬಂದ ನಮ್ಮ ಕಮಳಾಬಾಯಿ ಹತ್ತಿರ ಎತ್ತು ಕಟ್ಟುವ ಹಗ್ಗವಿತ್ತು, ಎತ್ತು ಇರಲಿಲ್ಲ. ಹೊಳೆಯ ದಂಡೆ ಕಡಿದಾಗಿತ್ತು, ಕರಿಮಣ್ಣು ಜಾರುತ್ತಿತ್ತು. ಕೊಡಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟು ಇಬ್ಬರೂ ಒಂದೇ ನೀರು ಕುಡಿದರು. ಯಾರ ಕೊಡ, ಯಾರು ಮುಟ್ಟಿದ್ದು ಎಂದು ಕೇಳುವವರು ಆಗಿನ್ನೂ ಅಲ್ಲಿಗೆ ಬಂದಿರಲಿಲ್ಲ.

ಅದಕ್ಕೇ ಪ್ರತಿ ಮಳೆಗಾಲ ಹೊಸ ನೀರು ಬಂದ ದಿನ ಹೊಳೆಗೆ ಇಳಿಬಿಡುವ ಕೊಡ ನಿಮ್ಮ ಮನೆಯದು, ಹಗ್ಗ ನಮ್ಮ ಮನೆಯದು. ಇಲ್ಲಿಯವರೆಗೆ ಕೊಡ ಜಾರಿಲ್ಲ. ಜಾರಿದರೆ ಎರಡು ಮನೆಯ ನಂಟು ಹೊಳೆಪಾಲು ಎಂದು ಹಿರಿಯರು ಅನ್ನುತ್ತಿದ್ದರು.

ನೀನು ಚಿಕ್ಕಪ್ಪನ ಮಗನನ್ನು ಮದುವೆಯಾಗಿ ಅದೇ ಮನೆಯಲ್ಲಿ ಉಳಿದೆ. ಕೊಡ ನಿನ್ನ ಕೈಯಲ್ಲೇ ಇದೆ. ಕೊಟ್ಟ ಹೆಣ್ಣು ಹಗ್ಗ ಹಿಡಿಯುವಂತಿಲ್ಲ, ಬಂದ ಸೊಸೆ ಹಿಡಿಯಬೇಕು. ಪದ್ಧತಿ ನನಗೂ ಗೊತ್ತು. ಆದರೆ ಹೋದ ವರ್ಷ ನೀವಿಬ್ಬರೂ ಒದ್ದೆ ಸೀರೆಯಲ್ಲಿ ನಗುತ್ತಾ ನಿಂತ ಫೋಟೊ ಕಳಿಸಿದೆಯಲ್ಲ, ನಾನು ಅವಳ ಕೈ ಮಾತ್ರ ನೋಡಿದೆ. ಹಗ್ಗವನ್ನು ಬಳೆಯಂತೆ ಸುತ್ತಿಕೊಂಡಿದ್ದಾಳೆ. ಹಾಗೆ ಹಿಡಿದರೆ ಕೈ ಕೊಯ್ಯುತ್ತದೆ. ಆಗ ಗಂಟು ಹಾಕಿದ್ದು ನಮ್ಮವ್ವ. ಈ ವರ್ಷ ಗಂಟೂ ಮನಿಷಾಳದೇ ಅಂತೆ.

"ಏ ಮಯೂರಿ, ಬಿಡಬ್ಯಾಡ, ನಮ್ಮ ಕೊಡ ಐತಿ ಅದು" ಎಂದು ನನ್ನ ಮದುವೆಗೆ ಮೊದಲು, ನಾನು ಹಗ್ಗ ಹಿಡಿದಾಗ ನೀನು ಕೂಗುತ್ತಿದ್ದೆ. "ಅಂಥಾ ಕೊಡ ಹುಮನಾಬಾದ ಸಂತ್ಯಾಗ ಹತ್ತು ಸಿಗ್ತಾವ, ಹಗ್ಗ ಸಿಗಂಗಿಲ್ಲ" ಅನ್ನುತ್ತಿದ್ದೆ ನಾನು. ಈಗ ಅವಳಿಗೆ ಏನೆಂದು ಕೂಗುತ್ತೀ? ಹೇಳಬೇಡ.

ವಿಡಿಯೊ ತಿದ್ದಿಸು. ಊರಿನ ಇತಿಹಾಸ ಸರಿ ಇರಬೇಕು, ಅಷ್ಟೇ. ನನ್ನ ಮನಸ್ಸಿನಲ್ಲಿ ಬೇರೆ ಏನೂ ಇಲ್ಲ.

ಹಗ್ಗದ ಮನೆಯ,
ಮಯೂರಿ

ಬರೆದು ಮಡಚಿದ ಮೇಲೆ: ಏಜಾಜ್ ಚಹಾ ಕುಡಿಯುತ್ತಾ ತನ್ನ ಫೋನಿನಲ್ಲಿ ವಿಡಿಯೊದ ಉಳಿದ ಅರ್ಧ ಹಚ್ಚಿದ. ಕೊನೆಗೆ ಮನಿಷಾ ನಾಲಿಗೆ ಕಚ್ಚಿಕೊಂಡು, "ಅಯ್ಯ, ರಾಜೇಶ್ವರ ಅಂದ್ನಲ್ರಿ, ಹುಡಗಿ ಅನ್ನಬೇಕಿತ್ತು. ಮಯೂರಿ ಅಕ್ಕಾರ ಕೇಳಿದ್ರ ಬೈತಾರ. ಹಗ್ಗ ಅವರದ ರೀ, ನಾ ಬರೇ ಹಿಡಿಯಾಕಿ" ಅನ್ನುತ್ತಾಳೆ.

ಇಲ್ಲಿ ಮೋಡ ಕಟ್ಟಿದೆ. ಕೊಡದ ಕೊರಳಿಗೆ ಹಗ್ಗ ಎರಡು ಸುತ್ತು ಬರಬೇಕು. ಹೋದ ವಾರ ಅವಳು ಫೋನ್ ಮಾಡಿ ಕೇಳಿದಾಗ ಒಂದೇ ಸಾಕು ಎಂದಿದ್ದೇನೆ. ಹೊಳೆಗೆ ಇಳಿಬಿಡುವ ಮೊದಲು ನೀನೇ ಬಿಚ್ಚಿ ಕಟ್ಟಿಸು. ಯಾರು ಹೇಳಿದರು ಎಂದು ಅವಳು ಕೇಳಿದರೆ, ಕಮಳಾಬಾಯಿ ಅನ್ನು.