ಗುರುವಾರದ ಕುರ್ಚಿಗಳು

ಹಾರ್ಲಿಂಗೆನ್
ನವೆಂಬರ್ ೧೪

ಪ್ರೀತಿಯ ಅಣ್ಣ ವೈಬ್ರೆನ್,

ನೀನು, ಅತ್ತಿಗೆ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬೇಸಿಗೆಯಲ್ಲೇ ಬಂದಿತ್ತು. ಇಷ್ಟು ತಡವಾದದ್ದಕ್ಕೆ ಬೇಸರಿಸಬೇಡ. ಬರೆಯಲು ಕೂತಾಗಲೆಲ್ಲ ‘ದೇವರೇ ನಿನ್ನ ಬಾಯಿ ತೆರೆಸಿದ’ ಎಂಬ ನಿನ್ನ ಸಾಲು ಕಣ್ಣಿಗೆ ಬಿದ್ದು ಕೈ ನಿಂತುಬಿಡುತ್ತಿತ್ತು. ಆ ಮೆಚ್ಚುಗೆಯನ್ನು ವಾಪಸು ತೆಗೆದುಕೋ. ದೌವೆ ಮಾವ ನಿನಗೆ ಅರ್ಧ ಹೇಳಿದ್ದಾನೆ. ಉಳಿದದ್ದನ್ನು ನಾನು ಹೇಳುತ್ತೇನೆ.

ಮರೆವಿನ ರೋಗ ಎಂದು ಗೊತ್ತಾದ ದಿನವೇ ಅಜ್ಜಿ, ಬುದ್ಧಿ ಪೂರ್ತಿ ಮಂಕಾಗುವ ಮೊದಲು, ನಮ್ಮ ಕಾನೂನು ಬಿಡುವಂತೆ ಡಾಕ್ಟರ ಕೈಯಿಂದಲೇ ಇಂಜೆಕ್ಷನ್ ತೆಗೆದುಕೊಂಡು ಸಾಯುವುದೆಂದು ತೀರ್ಮಾನಿಸಿದ್ದಳು. “ನಮ್ಮಕ್ಕನ ಥರ ಕರ್ಟನ್ ಜೊತೆ ಜಗಳ ಆಡ್ಕೊಂಡು ಸಾಯಲ್ಲ ನಾನು” ಎಂದಳು. ಡಾಕ್ಟರ್ ಪೋಸ್ತ್ಮಾ ಒಪ್ಪಿದರು. ಆದರೆ ಒಂದು ಮಾತು ಹೇಳಿದರು: “ಏನು ಕೇಳ್ತಿದ್ದೀರಿ ಅಂತ ನಿಮಗೇ ಗೊತ್ತಿರೋವಾಗ ಕೇಳಿ. ಆಮೇಲೆ ಕಾನೂನು ಬಿಟ್ರೂ ನನ್ನ ಕೈ ಏಳಲ್ಲ.” ನಿಯಮದಂತೆ ಎರಡನೆಯ ಡಾಕ್ಟರೂ ಬಂದು ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸಿ ಹೋದರು. ನೀನು ಫೋನಿನಲ್ಲಿ ಅದನ್ನು ಕೊಲೆ ಎಂದೆ. ಅಮ್ಮ, “ಅವಳ ಮರ್ಯಾದೆ ಅವಳದ್ದು ಕಣೋ, ನಿನ್ನ ಚರ್ಚಿಂದಲ್ಲ” ಎಂದು ಫೋನಿಟ್ಟಳು. ಆವತ್ತಿನಿಂದ ನೀವಿಬ್ಬರೂ ಮಾತು ಬಿಟ್ಟಿರಿ. ನನಗೆ ಇಬ್ಬರ ಮಾತೂ ಸರಿ ಎನ್ನಿಸಿತು. ಯಾವಾಗಿನಂತೆ ಸುಮ್ಮನಿದ್ದೆ.

ಅದಕ್ಕೆಂದು ಗೊತ್ತುಮಾಡಿದ್ದ ಆ ಗುರುವಾರ ಎಲ್ಲರೂ ರಜೆ ಹಾಕಿ ಬಂದಿದ್ದರು. ಹುಟ್ಟುಹಬ್ಬಕ್ಕೆ ಹಾಕುವ ಹಾಗೆಯೇ ಕುರ್ಚಿಗಳನ್ನು ವೃತ್ತವಾಗಿ ಹಾಕಿದ್ದೆವು. ಬೇರೆ ಥರ ಹಾಕುವುದು ನಮಗೆ ಗೊತ್ತೇ ಇಲ್ಲವಲ್ಲ! ಮಧ್ಯದಲ್ಲಿ ಕಾಫಿ, ಗುಲಾಬಿ ಸಕ್ಕರೆ ಬಳಿದ ಕೇಕು. ಅಜ್ಜಿ ನೀಲಿ ಉಡುಪು ಹಾಕಿಕೊಂಡಿದ್ದಳು. ಡಾಕ್ಟರಿಗಾಗಿ ಕಾಯುತ್ತಿದ್ದೆವು. ಅಷ್ಟರಲ್ಲಿ ಪಕ್ಕದ ಮನೆಯ ಹುಕೆಮಾ ಆಂಟಿ ಕಿಟಕಿಯಿಂದ ಕುರ್ಚಿಗಳನ್ನೂ ಕೇಕನ್ನೂ ನೋಡಿ ಹುಟ್ಟುಹಬ್ಬ ಎಂದುಕೊಂಡು ನೇರ ಒಳಗೆ ಬಂದರು. ನಮ್ಮ ಪದ್ಧತಿಯಂತೆ ಒಬ್ಬರನ್ನೂ ಬಿಡದೆ ಕೈ ಕುಲುಕಿದರು. “ಅಮ್ಮನಿಗೋಸ್ಕರ ನಿಮಗೆ ಅಭಿನಂದನೆ! ಅಜ್ಜಿಗೋಸ್ಕರ ನಿನಗೂ ಅಭಿನಂದನೆ!” ದೌವೆ ಮಾವ ಅಭ್ಯಾಸಬಲದಿಂದ “ಥ್ಯಾಂಕ್ಸ್” ಅಂದುಬಿಟ್ಟ. ಆಂಟಿ ಅಜ್ಜಿಯ ಹತ್ತಿರ ಬಂದು, “ವಯಸ್ಸೆಷ್ಟಾಯ್ತು ಈಗ?” ಎಂದು ಕೇಳಿದರು.

“ಸಾಕಷ್ಟಾಯ್ತು” ಎಂದಳು ಅಜ್ಜಿ. ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅಮ್ಮ ಆಂಟಿಯ ಕಿವಿಯಲ್ಲಿ ವಿಷಯ ಹೇಳಿದಳು. ಪಾಪ, ಆಕೆ ಅಷ್ಟರಲ್ಲಿ ಕೈಗೆ ಬಂದಿದ್ದ ಕೇಕಿನ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ಮನೆಗೆ ಓಡಿದರು.

ಅಜ್ಜಿ ನೀರು ಕುಡಿಯಲು ಅಡುಗೆಮನೆಗೆ ಬಂದಳು. ಅಲ್ಲಿ ನಾನೊಬ್ಬಳೇ ಇದ್ದೆ. “ಎಷ್ಟು ಚೆನ್ನಾಗಿ ಬಿಸಿಲು ಬಂದಿದೆ ನೋಡು. ಇಂಥ ದಿನ ಯಾಕೋ ಮನಸ್ಸೇ ಬರ್ತಿಲ್ಲ ಕಣೇ” ಎಂದಳು. ನಾನು ಬೆಚ್ಚಿಬಿದ್ದೆ. “ಹಾಗಾದ್ರೆ ಬೇಡ ಅನ್ನು ಅಜ್ಜಿ!” ಎಂದೆ. “ಅಯ್ಯೋ, ಎಲ್ರೂ ರಜೆ ಹಾಕಿ ಬಂದಿದ್ದಾರೆ. ಕೇಕು ಬೇರೆ ಕೊಯ್ದಾಗಿದೆ. ಈಗ ಬೇಡ ಅಂದ್ರೆ ಚೆನ್ನಾಗಿರತ್ತಾ?”

ಅಣ್ಣ, ನಾನು ತರಗತಿಯಲ್ಲಿ ಒಂದು ಪ್ರಶ್ನೆಗೂ ಕೈ ಎತ್ತಿದವಳಲ್ಲ. ಆದರೆ ಡಾಕ್ಟರು ಬಾಗಿಲಲ್ಲಿ ಕೋಟು ಬಿಚ್ಚುತ್ತಿರುವಾಗಲೇ ಹೋಗಿ ಆ ಮಾತನ್ನು ಹಾಗೇ ಒಪ್ಪಿಸಿದೆ. ಅವರು ಎಲ್ಲರನ್ನೂ ಹೊರಗೆ ಕಳಿಸಿ ಅಜ್ಜಿಯೊಂದಿಗೆ ಮಾತಾಡಿದರು. ಹೊರಬಂದು, “ಇವತ್ತು ಬೇಡವಂತೆ” ಎಂದರು. ಬೇರೆ ಯಾರೂ ಕೇಕು ಮುಟ್ಟಲಿಲ್ಲ. ಅಜ್ಜಿ ಮಾತ್ರ ಎರಡು ತುಂಡು ಕೇಕು ತಿಂದಳು.

ಅಮ್ಮ ನನ್ನ ಮುಖ ನೋಡಲಿಲ್ಲ. ಪಾತ್ರೆ ತೊಳೆಯುತ್ತಾ, “ಅವಳು ಹಲ್ಲು ಕೀಳಿಸೋ ದಿನಾನೂ ಹಾಗೇ ಹೇಳ್ತಾಳೆ. ಹೆದರಿಕೆ ಬೇರೆ, ಬೇಡ ಅನ್ನೋದು ಬೇರೆ. ಅಷ್ಟೂ ತಿಳಿಯಲ್ವಾ ನಿನಗೆ?” ಎಂದಳು. ನನಗೆ ತಿಳಿದಿರಲಿಲ್ಲ. ಈಗಲೂ ತಿಳಿಯದು.

ಬೇಸಿಗೆ ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ದಿನಾ ಕಡಲ ಒಡ್ಡಿನ ಮೇಲೆ ನಡೆಯುತ್ತಿದ್ದೆವು. ದೋಣಿಗಳಿಗೆ ತಾನೇ ಹೆಸರಿಡುತ್ತಿದ್ದಳು. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಕಾಲುಚೀಲವನ್ನು ಕೈಗೆ ಹಾಕಿಕೊಂಡು, “ಡಾಕ್ಟರನ್ನ ಕರೀರಿ. ಈಗ ಬೇಕು ನನಗೆ” ಎಂದಳು. ಅವರು ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು: “ಏನು ಬೇಕು ನಿಮಗೆ? ನೀವೇ ಹೇಳಿ.” ಅಜ್ಜಿ ಬಹಳ ಹೊತ್ತು ಯೋಚಿಸಿದಳು. “ಕಾಫಿ” ಎಂದಳು.

ಅವರು ಮತ್ತೆ ಮತ್ತೆ ಬಂದು ಕೇಳಿದರು. ಕೊನೆಗೆ ಬಾಗಿಲಲ್ಲಿ ನಿಂತು ಅಮ್ಮನಿಗೆ, “ತಿಳಿವಳಿಕೆಯ ಗೆರೆ ದಾಟಿಬಿಟ್ಟಿದ್ದಾರೆ. ನನ್ನಿಂದ ಆಗಲ್ಲಮ್ಮ” ಎಂದರು.

ನೀನು ಸಂತೋಷಪಡಬಹುದು. ನನ್ನೆದುರು ಪಡಬೇಡ. ಆದರೆ ಬಾ ಅಣ್ಣ, ಅಮ್ಮ ತುಂಬ ಸೊರಗಿದ್ದಾಳೆ. ಮಕ್ಕಳಿಗೆ ನನ್ನ ಮುತ್ತು. ನಿಮ್ಮ ಮನೆ ಬೆಚ್ಚಗಿರಲಿ, ಎಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ತಂಗಿ,
ಯಿಲ್ಡೌ

ಮರೆತ ಮಾತು: ನಿನ್ನೆ ಅಜ್ಜಿಯ ನಿಜವಾದ ಹುಟ್ಟುಹಬ್ಬ. ಮತ್ತೆ ವೃತ್ತವಾಗಿ ಕುರ್ಚಿ ಹಾಕಿ, ಕೇಕು ತಂದೆವು. ಅವಳಿಗೆ ಈಗ ನಮ್ಮ ಯಾರ ಹೆಸರೂ ಗೊತ್ತಿಲ್ಲ. ಆದರೆ ಕುರ್ಚಿಗಳನ್ನು ನೋಡಿದ್ದೇ ಒಳಗೆ ಹೋಗಿ ಆ ನೀಲಿ ಉಡುಪನ್ನು ತಂದು ನನ್ನ ಕೈಗಿಟ್ಟಳು. ಗುಂಡಿ ಹಾಕುತ್ತಿದ್ದೆ. ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು: “ಡಾಕ್ಟರು ಬಂದ್ರಾ ಮಗು? ಈ ಸಲ ಅವರಿಗೆ ಏನೂ ಹೇಳ್ಬೇಡ, ಆಯ್ತಾ?”