ಹನಿ ಬಿದ್ದ ಹಾಳೆ

ಎಚಿಜೆನ್, ಚಳಿಗಾಲ

ಪ್ರೀತಿಯ ಚಿಗುಸಾ,

ತೀರಿಕೊಂಡ ಅಮ್ಮ ಕೈಯಾರೆ ಮಾಡಿದ ಕಾಗದ ಬೇಕು, ನನ್ನ ಕಲಾಪ್ರದರ್ಶನಕ್ಕೆ ಅದರ ಮೇಲೆ ಕಂಪ್ಯೂಟರಿನಿಂದ ಅವಳ ಮುಖ ಮೂಡಿಸುತ್ತೇನೆ, ಹಾಳೆಯಲ್ಲಿ ದೋಷವಿರಬಾರದು ಎಂದು ಬರೆದಿದ್ದೀಯ. ದೋಷವಿಲ್ಲದ್ದೆಲ್ಲ ಎಂದೋ ಮಾರಿಹೋಗಿ ಯಾರ್ಯಾರದೋ ಮನೆಯ ಕಾಗದದ ಜಾರುಬಾಗಿಲಿಗೆ ಅಂಟಿಕೊಂಡಿದೆ. ಉಳಿದಿದ್ದ ಒಂದೇ ಹಾಳೆಯನ್ನು ಕಳಿಸುತ್ತಿದ್ದೇನೆ.

ಬೆಳಕಿಗೆ ಹಿಡಿದರೆ ಗುಂಡಗಿನ ತೆಳು ಚುಕ್ಕೆಗಳು ಕಾಣುತ್ತವೆ. ಒದ್ದೆ ಹಾಳೆಯ ಮೇಲೆ ಕೈಯಿಂದ ನೀರು ಹನಿದರೆ ಹಾಗಾಗುತ್ತದೆ. ಅಂಥದ್ದನ್ನು ನಾವು ಮತ್ತೆ ನಾರು ಕದಡಿದ ನೀರಿನ ತೊಟ್ಟಿಗೇ ಹಾಕಿ ಕಲಸಿಬಿಡುತ್ತೇವೆ. ನಿನ್ನಮ್ಮ ಹನಿ ಬೀಳಿಸುವವಳೇ ಅಲ್ಲ. ಈ ಹಾಳೆ ಮಾಡಿದ ದಿನ ನಾನು ನಮ್ಮ ಬೌದ್ಧ ಗುರುಗಳ ನಡಿಗೆಯನ್ನು ಅಣಕಿಸಿದೆ. ಅಣಕದಲ್ಲಿ ನನ್ನನ್ನು ಮೀರಿಸುವವರು ಈ ಜಿಲ್ಲೆಯಲ್ಲೇ ಇಲ್ಲ. "ಅಣ್ಣಾ, ಸಾಕು ನಿಲ್ಸೋ, ಹಾಳೆ ಕೆಟ್ಟೋಯ್ತು!" ಎಂದು ಬೈಯುತ್ತಲೇ ನಕ್ಕಳು, ಒದ್ದೆ ಕೈಯಿಂದ ಇನ್ನಷ್ಟು ಹನಿ ಉದುರಿದವು. ನನ್ನ ಗೆಲುವಿನ ಗುರುತೆಂದು ಈ ಹಾಳೆಯನ್ನು ಎತ್ತಿಟ್ಟುಕೊಂಡೆ.

ಯಾವ ಫೋಟೋದಲ್ಲೂ ಅಮ್ಮ ನಕ್ಕಿಲ್ಲ, ಕಂಪ್ಯೂಟರಿನಲ್ಲೇ ನಗು ಬರೆದುಬಿಡಲೇ ಎಂದು ಕೇಳಿದ್ದೀಯ. ಬೇಡ ಮಗಳೇ. ಬಾಯಿ ಮುಚ್ಚಿದ ಮುಖವನ್ನೇ ಮೂಡಿಸು. ಚುಕ್ಕೆಗಳನ್ನು ಮಾತ್ರ ಮುಚ್ಚಬೇಡ, ಹಿಂದಿನಿಂದ ದೀಪ ಹಚ್ಚು.

ಈ ಸಲ ತಣ್ಣೀರಿಗೆ ಕೈಯಿಳಿಸಲು ನನ್ನಿಂದ ಆಗುತ್ತಿಲ್ಲ, ಬೆರಳು ಮಡಿಸುವುದೇ ಸಾಹಸವಾಗಿದೆ. ಹೊಸ ಹಾಳೆ ಕೇಳಬೇಡ. ಪ್ರದರ್ಶನ ಮುಗಿದ ಮೇಲೆ ಇದನ್ನು ಮರೆಯದೆ ಹಿಂದಕ್ಕೆ ಕಳಿಸು. ನನ್ನ ಅಣಕಕ್ಕೆ ನಗುವವರು ಇಲ್ಲಿ ಬೇರೆ ಯಾರೂ ಉಳಿದಿಲ್ಲ.

ನಿನ್ನ ಸೋದರಮಾವ,
ಕಿಸಾಬುರೊ