ಅಣ್ಣ ಆಡದ ಮಾತು

ಬೆಟಗೇರಿ
೧೧ ಜುಲೈ ೨೦೨೫

ಅಂಕಿತಾಳ ಅಪ್ಪನವರಿಗೆ,

ಶೈಲಾ ಮಾಡುವ ನಮಸ್ಕಾರ. ಇಲ್ಲಿ ಅವ್ವ, ತಮ್ಮ ದ್ಯಾಮಪ್ಪ, ನಿಮ್ಮ ಮಗಳು ಎಲ್ಲರೂ ಆರಾಮ ಇದ್ದಾರೆ. ನನ್ನ ಸುದ್ದಿಯನ್ನು ಮಾತ್ರ ಈ ಪತ್ರ ಪೂರ್ತಿ ಓದಿ ತಿಳಿದುಕೊಳ್ಳಿ.

ಕೈಯಲ್ಲಿ ಫೋನು ಇಟ್ಟುಕೊಂಡು ಕಾಗದ ಯಾಕೆ ಬರೆದಳು ಎಂದು ನಿಮಗೆ ಅನ್ನಿಸಬಹುದು. ನಿಮ್ಮ ದನಿ ಕೇಳಿದರೆ ನಾನು ಅರ್ಧ ಮಾತಿಗೇ ಮೆತ್ತಗಾಗಿಬಿಡುತ್ತೇನೆ. ಇಪ್ಪತ್ತೈದು ವರ್ಷ ಒಟ್ಟಿಗೆ ಬಾಳಿದ ರೂಢಿ ಅದು. ಕಾಗದದಲ್ಲಾದರೆ ನಡುವೆ ಬಾಯಿ ಹಾಕಿ ನೀವು ನನ್ನನ್ನು ಸಮಾಧಾನ ಮಾಡುವಂತಿಲ್ಲ.

ನನ್ನ ಅಣ್ಣ ಸಿದ್ದಾರೂಢ ಬರೆದ ಚಿತ್ರಗಳನ್ನೆಲ್ಲ ಕೂಡಿಸಿ, ಅವನು ಕಲಿತ ಬೆಟಗೇರಿ ಶಾಲೆಯಲ್ಲಿ ಕಾರ್ಗಿಲ್ ದಿನದಂದು ಇಡಬೇಕು ಎಂದು ಅಂಕಿತಾ ಹೊರಟಾಗ ನೀವು ಬೇಡವೆಂದಿರಿ. “ಹೋದಾವ ಹ್ವಾದ, ಈಗ ಎಲ್ಲಿ ಅಂತ ಹುಡುಕತಿ? ಸುಮ್ಮ ಓದ್ಕೊ” ಎಂದು ಮಗಳ ಮೇಲೆ ರೇಗಿದಿರಿ. ಗೆಳೆಯನ ನೆನಪು ನಿಮಗೆ ಇನ್ನೂ ಸುಡುತ್ತದೆ ಎಂದುಕೊಂಡೆ. “ಅಪ್ಪಗ ಸಂಕಟ ಆಗತೈತಿ, ಅವರ ಮುಂದ ಆ ಸುದ್ದಿ ತಗೀಬ್ಯಾಡ” ಎಂದು ಅವಳಿಗೆ ನಾನೇ ಬುದ್ಧಿ ಹೇಳಿದೆ. ಚಿತ್ರಕಲೆ ಓದುವ ಹುಡುಗಿ, ಮಾವನ ಕೈ ತನಗೆ ಬಂದಿದೆ ಎಂಬ ಹೆಮ್ಮೆ ಅವಳಿಗೆ. ಅವಳು ನಿಲ್ಲಲಿಲ್ಲ.

ನಾವಿಬ್ಬರೂ ಬೆಟಗೇರಿಯ ಓಣಿಓಣಿ ತಿರುಗಿದೆವು. ಸೀರೆಯ ಸೆರಗಿಗೆ ಅವನು ಬರೆದುಕೊಟ್ಟ ನಕ್ಷೆಗಳು ಇಬ್ಬರು ನೇಕಾರರ ಮನೆಯಲ್ಲಿ ಸಿಕ್ಕವು. ಮೊಹರಮ್ಮಿನಲ್ಲಿ ಹುಲಿ ವೇಷದವರಿಗೆ ಅವನು ಬಣ್ಣ ಹಚ್ಚುತ್ತಿದ್ದುದನ್ನು ಹಿರಿಯರು ನೆನೆದರು. ಒಬ್ಬರಂತೂ, “ಅಂವ ಪಟ್ಟಿ ಬರದ್ರ ಮೈ ತೊಳಕೊಳ್ಳಾಕ ಮನಸ ಬರ್ತಿರಲಿಲ್ಲ” ಎಂದು ನಕ್ಕರು. ಆದರೆ ಸೈನ್ಯದಲ್ಲಿ ಬರೆದ ಚಿತ್ರ ಒಂದೂ ಇರಲಿಲ್ಲ. ಫೋಟೋ ತೆಗೆಸಿಕೊಳ್ಳಲಾಗದ ಕಡೆ, ಸಾಮಾನಿನ ಪೆಟ್ಟಿಗೆಯ ರಟ್ಟು ಹರಿದು ಅದರ ಮೇಲೆ ಜೊತೆಯವರ ಮುಖ ಬರೆದು ಅವರವರ ಮನೆಗೆ ಕಳಿಸಲು ಕೊಡುತ್ತಿದ್ದನೆಂದು ನೀವೇ ಹೇಳಿದ್ದಿರಿ. ಅಂಕಿತಾ ಅದನ್ನೇ ಬರೆದು ಮಾಜಿ ಸೈನಿಕರ ವಾಟ್ಸಾಪ್ ಗುಂಪುಗಳಿಗೆ ಹಾಕಿಸಿದಳು. ನಮ್ಮ ಕಡೆಯವರು ಆ ತುಕಡಿಯಲ್ಲಿ ನೀವಿಬ್ಬರೇ ಎಂದು ನೀವು ಹೇಳುತ್ತ ಬಂದಿದ್ದಿರಲ್ಲ, ಉತ್ತರ ಬಂದರೆ ದೂರದ ರಾಜ್ಯದಿಂದ ಬರಬಹುದು ಎಂದುಕೊಂಡಿದ್ದೆವು.

ಉತ್ತರ ಬಂದದ್ದು ಮುಂಡರಗಿಯಿಂದ. ಮೆಹನಾಜ ಎಂಬ ಹುಡುಗಿ ಒಂದು ಚಿತ್ರದ ಫೋಟೋ ಕಳಿಸಿದ್ದಳು. ದಪ್ಪ ಮೀಸೆಯ ಜವಾನ, ಕೆಳಗೆ ಮೂಲೆಯಲ್ಲಿ ಸಣ್ಣ ಲಾಳಿ. ನೇಕಾರನ ಮಗ ಹೆಸರಿನ ಬದಲು ಮಗ್ಗದ ಲಾಳಿ ಬರೆಯುತ್ತಿದ್ದುದು ನಿಮಗೆ ಗೊತ್ತೇ ಇದೆ. “ಇದು ನಮ್ಮ ಅಬ್ಬಾನ ಚಿತ್ರ, ಬಂದು ನೋಡ್ರಿ” ಎಂದು ಬರೆದಿದ್ದಳು. ನಿಮಗೆ ಅಚ್ಚರಿ ಮಾಡೋಣವೆಂದು ಹೇಳದೆ ಹೋದೆವು.

ಹೋದ ಕಥೆ ಹೇಳುವ ಮೊದಲು ಇನ್ನೊಂದು ಮಾತು ಇಲ್ಲಿ ಬರೆದಿಡುತ್ತೇನೆ. ಅದನ್ನು ನೀವು ಹೇಳಿದ ಹಾಗೆಯೇ ಬರೆಯುತ್ತೇನೆ, ಒಂದಕ್ಷರ ಆಚೀಚೆ ಆಗದಂತೆ. ಪ್ರತಿವರ್ಷ ಅಣ್ಣನ ದಿನದಂದು ನಿಮ್ಮ ಬಾಯಿಂದ ಕೇಳಿದವಳು ನಾನು.

ಅಣ್ಣನನ್ನು ಮಣ್ಣು ಮಾಡಿದ ಮೇಲೆ ಶ್ರಾವಣದಲ್ಲಿ ನೀವು ನಮ್ಮ ಮನೆಗೆ ಬಂದಿರಿ. ಅವ್ವ ನಿಮ್ಮ ಕೈ ಹಿಡಿದು ಬಿಡಲಿಲ್ಲ. ನೀವು ಅಂದಿರಿ: “ನನ್ನ ತೊಡಿ ಮ್ಯಾಲ ತಲಿ ಇಟ್ಟಿದ್ದರಿ ಯವ್ವಾ. ನಕ್ಕೋತ ಹ್ವಾದ. ‘ನನ್ನ ತಂಗೀನ ನಿನ್ನ ಕೈಯಾಗ ಕೊಟ್ಟೇನಿ ಮುದಕಪ್ಪಾ, ಆಕಿ ಕೈ ಬಿಡಬ್ಯಾಡ’ ಅಂದ. ಅಷ್ಟ ಅಂದಾಂವ ಕಣ್ಣ ಮುಚ್ಚಿದ.”

ನಾನು ಆಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಟೀಚರ್ ಆಗಲೆಂದು ಗದಗಿನಲ್ಲಿ ಟಿ.ಸಿ.ಎಚ್. ಎರಡನೇ ವರ್ಷ ಓದುತ್ತಿದ್ದೆ. ಹುಡುಗಿಗೆ ಯಾತರ ಓದು ಎಂದು ಓಣಿಯವರೆಲ್ಲ ಅಂದಾಗ ಅವ್ವನನ್ನು ಒಪ್ಪಿಸಿ ಫಾರ್ಮು ತುಂಬಿಸಿದವನು ಅಣ್ಣ. ನೀವು ಹೆಣ್ಣು ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳದಂತೆ ಮಾಡಿದಿರಿ. ದಸರಾ ಮುಗಿದ ಮೇಲೆ ಅವ್ವ ನನ್ನನ್ನು ಕಾಲೇಜು ಬಿಡಿಸಿದಳು. ಓದು ಮುಗಿಯಲಿ ಎಂದು ನಾನು ಒಂದೇ ಸಲ ಬಾಯಿಬಿಟ್ಟೆ. “ಸತ್ತಾಂವ ಆಡಿದ ಮಾತು, ಮೀರತಿಯೇನ?” ಎಂದಳು. ಮೀರಲಿಲ್ಲ. ವೈಶಾಖದಲ್ಲಿ ನಿಮ್ಮ ಕೈ ಹಿಡಿದೆ. ಸುಳ್ಳು ಯಾಕೆ ಹೇಳಲಿ, ಸಂತೋಷದಿಂದಲೇ ಹಿಡಿದೆ. ಅಣ್ಣನ ಕಡೆಯ ಉಸಿರು ಈ ಮನುಷ್ಯನ ಅಂಗೈಗೆ ತಾಗಿದೆ ಎಂದುಕೊಂಡು ಎಷ್ಟೋ ಸಲ ನಿಮ್ಮ ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿಕೊಂಡಿದ್ದೇನೆ. ಆಗ ನೀವು ಕೈ ಎಳೆದುಕೊಳ್ಳುತ್ತಿದ್ದಿರಿ. ನಾಚಿಕೆ ಎಂದುಕೊಂಡಿದ್ದೆ.

ಈಗ ಮುಂಡರಗಿಯ ಮಾತು.

ಮೆಹನಾಜಳ ಅಪ್ಪ ಶಫೀಕ ಅವರದು ಬಸ್ ನಿಲ್ದಾಣದ ಹತ್ತಿರ ಕಿರಾಣಿ ಅಂಗಡಿ, ಹಿಂದೆಯೇ ಮನೆ. ಬಲಗಾಲು ಮೊಣಕಾಲಿನ ಕೆಳಗಿಲ್ಲ, ಕೃತಕ ಕಾಲು. ನಮ್ಮನ್ನು ಕಂಡವರೇ ಎದ್ದು ನಿಲ್ಲಲು ಹೋದರು. ನಾನು ಬೇಡವೆಂದೆ. “ಸಿದ್ದೂನ ತಂಗಿ ಬಂದಾಗ ಕುಂತ ಇರಾಕ ಆಗತೈತೇನ್ರಿ” ಎಂದು ನಿಂತೇಬಿಟ್ಟರು. ಚಹಾ ಬಂತು. ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತ ನನ್ನನ್ನು ನೋಡಿ, “ಈಗ ಯಾವ ಸಾಲ್ಯಾಗ ಅದೀರಿ, ಟೀಚರ್ರ?” ಎಂದು ಕೇಳಿದರು.

ನನ್ನನ್ನು ಬೇರೆ ಯಾರೋ ಎಂದು ತಿಳಿದಿದ್ದಾರೆ ಎಂದುಕೊಂಡೆ. “ನಾ ಟೀಚರ್ ಅಲ್ರಿ, ಮನ್ಯಾಗ ಇರ್ತೀನಿ” ಎಂದೆ.

ಅವರು ಬಸಿ ಕೆಳಗಿಟ್ಟರು. “ಹಂಗಂದ್ರ? ಕಲಿಯೂದ ಮುಗಸಲಿಲ್ಲೇನ್ರಿ? ನೌಕರಿ ಆಗೇತಿ ಅಂತ ಮುದಕಪ್ಪ ಹೇಳಿದ್ನಲ್ಲರಿ ನನಗ!”

“ಯಾವ ಮುದಕಪ್ಪರಿ?” ಎಂದು ಕೇಳಿದೆ. ಯಾಕೆ ಕೇಳಿದೆನೋ. ಗೊತ್ತಿದ್ದೂ ಕೇಳಿದೆ.

“ಲಕ್ಷ್ಮೇಶ್ವರದ ಮುದಕಪ್ಪರಿ. ನಮ್ಮ ತುಕಡಿಯಾಗ ಇದ್ದ. ಸಿದ್ದು ಹೇಳಿದ ಮಾತು ನಿಮ್ಮ ಮನಿಗೆ ಮುಟ್ಟಿಸಿ ಬಾ ಅಂತ ಅವನ್ನ ನಾನ ಕಳಿಸಿದ್ನಿ.”

ಅಂಕಿತಾ ಮೆಲ್ಲಗೆ, “ಅವರು ನಮ್ಮಪ್ಪಾರಿ” ಎಂದಳು.

ಶಫೀಕ ಅವರು ಅವಳ ಮುಖ ನೋಡಿದರು, ನನ್ನ ಕೊರಳ ತಾಳಿ ನೋಡಿದರು. ಆಮೇಲೆ, “ನಾ ಬಾಯಿ ತಗೀಬಾರದಿತ್ತೇನ್ರಿ” ಎಂದರು. “ತಗದೀರಿ, ಪೂರ್ತಿ ಹೇಳ್ರಿ” ಎಂದೆ.

ಹೇಳಿದರು. ಆ ದಿನ ಗುಡ್ಡದ ಮೇಲೆ ನೀವು ಇರಲೇ ಇಲ್ಲ. ಗಾಳಿ ಸಾಲದೆ ತಲೆ ಸಿಡಿದು, ಬಾಯಿಗೆ ನೊರೆ ಬಂದು, ಎರಡು ದಿನ ಮೊದಲೇ ನಿಮ್ಮನ್ನು ಕೆಳಗೆ ಇಳಿಸಿದ್ದರು. “ಅದರಾಗ ಅವನ ತಪ್ಪ ಏನೂ ಇಲ್ಲರಿ, ಅಲ್ಲಿ ಗಟ್ಟಿ ಮಂದೀನೂ ಹಂಗ ಬಿದ್ದಾರ” ಎಂದು ಅವರೇ ನಿಮ್ಮ ಪರವಾಗಿ ಹೇಳಿದರು. ಬೆಳಿಗ್ಗೆ ಅಣ್ಣ ಬಂಡೆಯ ಮರೆಯಲ್ಲಿ ಕುಳಿತು ಒಬ್ಬ ಹೊಸ ಜವಾನನ ಮುಖ ಬರೆಯುತ್ತಿದ್ದನಂತೆ. ಮೂಗು ಬರೆದಿದ್ದ, ಕಣ್ಣು ಬರೆಯಬೇಕಿತ್ತು. ಅಷ್ಟರಲ್ಲಿ ತೋಪಿನ ಗುಂಡು ಬಂದು ಸಿಡಿಯಿತು. ಚೂರು ಅಣ್ಣನ ಹೊಟ್ಟೆಗೆ ಬಿತ್ತು, ಶಫೀಕ ಅವರ ಕಾಲಿಗೆ ಬಿತ್ತು. ಮೇಲಿನಿಂದ ದಾಳಿ ನಿಲ್ಲದ ಕಾರಣ ಸಂಜೆಯವರೆಗೆ ಯಾರೂ ಹತ್ತಿರ ಬರಲಾಗಲಿಲ್ಲ. ಇಬ್ಬರೂ ಅಕ್ಕಪಕ್ಕ ಬಿದ್ದುಕೊಂಡಿದ್ದರು.

“ತೊಡಿ ಮ್ಯಾಲ ತಲಿ ಇಟ್ಟಿದ್ನೇನ್ರಿ?” ಎಂದು ಕೇಳಿದೆ.

“ತೊಡಿ ಎಲ್ಲಿಂದ ಬರಬೇಕ್ರಿ ತಂಗಿ? ಹೊಳ್ಳಾಕ ಆಗತಿರಲಿಲ್ಲ. ಕೈ ಕೈ ಹಿಡಕೊಂಡಿದ್ವಿ.”

“ನಕ್ಕೋತ ಹ್ವಾದ್ನೇನ್ರಿ?” ಎಂದು ಕೇಳಿದೆ.

ಅವರು ತಲೆ ತಗ್ಗಿಸಿದರು. ಅಣ್ಣ ಅತ್ತನಂತೆ. ಅವ್ವಾ ಅವ್ವಾ ಎಂದು ಕೂಗಿದನಂತೆ. ನೀರು ಕೇಳಿದನಂತೆ. ಹೊಟ್ಟೆಗೆ ಪೆಟ್ಟಾದವರಿಗೆ ನೀರು ಕೊಡಬಾರದೆಂದು ಇವರು ತುಟಿಗಷ್ಟೇ ಹಚ್ಚಿದರಂತೆ. ಕಡೆಗೆ ನೋವು ಮರಗಟ್ಟಿದಾಗ ಸಮಾಧಾನದಿಂದ ಮಾತಾಡಿದ. ಆ ಮಾತು ಇದು, ಓದಿ: “ಶೈಲಾನ ಸಾಲಿ ಬಿಡಸಬ್ಯಾಡಂತ ನಮ್ಮವ್ವಗ ಹೇಳ್ರಿ. ನಾ ಇಲ್ಲಂತ ಹೇಳಿ ಮದಿವಿ ಮಾಡಿ ಕೊಟ್ಟ ಬಿಟ್ಟಾಳು. ಆಕಿ ಟೀಚರ್ ಆಗ್ಲಿ.” ಎರಡು ಸಲ ಹೇಳಿಸಿ, ನೆನಪಿಟ್ಟುಕೊಂಡಿರಾ ಎಂದು ಕೇಳಿದನಂತೆ.

ಶಫೀಕ ಅವರನ್ನು ಕೆಳಗಿಳಿಸಿ ಆಸ್ಪತ್ರೆಗೆ ಸಾಗಿಸುವಾಗ ನೀವು ಅವರ ಹಾಸಿಗೆ ಪಕ್ಕ ನಿಂತಿದ್ದಿರಿ. ಮಾತನ್ನು ನಿಮ್ಮ ಕೈಗೆ ಕೊಟ್ಟರು. ನೀವು ಅತ್ತು, ಮುಟ್ಟಿಸುತ್ತೇನೆಂದು ಆಣೆ ಮಾಡಿದಿರಿ. ವರ್ಷದ ಮೇಲೆ ಅವರು ಊರಿಗೆ ಬಂದು ಬೆಟಗೇರಿಗೆ ಹೊರಟಾಗ ನೀವೇ ಹೋಗಿ ತಡೆದಿರಿ. “ಮಿಲ್ಟ್ರಿ ಮಂದೀನ ಕಂಡ್ರ ಅವರವ್ವಗ ಎಚ್ಚರ ತಪ್ಪತೈತಿ. ಹುಡಿಗಿಗೆ ನೌಕರಿ ಆಗೇತಿ, ನಿನ್ನ ಮಾತ ನಡದೈತಿ” ಎಂದಿರಿ. ಆಗ ನಾನು ಲಕ್ಷ್ಮೇಶ್ವರದ ಮನೆಯಲ್ಲಿ ನಿಮ್ಮ ಅವ್ವನಿಗೆ ರೊಟ್ಟಿ ಬಡಿಯುತ್ತಿದ್ದೆ.

ಬಸ್ಸು ಗದಗ ಮುಟ್ಟಿದ ಮೇಲೆ ಅಂಕಿತಾ, “ಲಕ್ಷ್ಮೇಶ್ವರಕ್ಕ ಹೋಗೂದ ಬ್ಯಾಡವ್ವ, ಅಜ್ಜಿ ಮನಿಗೆ ನಡಿ” ಎಂದಳು. ಅಂದು ಸಂಜೆ ನೀವು ಫೋನು ಮಾಡಿದಾಗ ನಾನು ಹೇಳಿದ್ದು ಒಂದೇ ಮಾತು, ಮುಂಡರಗಿಗೆ ಹೋಗಿದ್ದೆವು ಎಂದು. ನೀವು, “ಶಫೀಕ ಏನಂದ?” ಎಂದಿರಿ. ಹೆಸರನ್ನು ನಾನು ಹೇಳಿರಲಿಲ್ಲ. ಅಲ್ಲಿಯವರೆಗೆ ನನ್ನ ಮನಸ್ಸಿನ ಮೂಲೆಯಲ್ಲಿ, ಶಫೀಕ ಅವರಿಗೆ ಮರೆವಾಗಿರಬಹುದು ಎಂಬ ಆಸೆ ಇತ್ತು. ನೀವೇ ಅದನ್ನು ಕೊಂದಿರಿ.

“ನಿನಗೇನ ಕಡಿಮಿ ಮಾಡೇನಿ ಹೇಳು” ಎಂದಿರಿ ಕಡೆಗೆ. ಉತ್ತರ ಕೊಡುತ್ತೇನೆ. ಏನೂ ಕಡಿಮೆ ಮಾಡಿಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ, ನನಗೆ ಜ್ವರ ಬಂದರೆ ರಜೆ ಹಾಕಿ ಬಂದಿರಿ. ನೀವು ಕೆಟ್ಟ ಗಂಡನಾಗಿದ್ದರೆ ನನಗೆ ಇವತ್ತು ಸುಲಭವಿತ್ತು. ನನ್ನ ಮೇಲೆ ಮನಸ್ಸಾಗಿತ್ತು ಎಂದಿದ್ದರೆ, ಅಣ್ಣನ ಗೆಳೆಯನೆಂದು ಬಂದು ನೇರ ಕೇಳಿದ್ದರೆ, ಓದು ಮುಗಿಯುವವರೆಗೆ ಕಾಯಿರಿ ಎನ್ನುತ್ತಿದ್ದೆ. ಕಾಯುತ್ತಿದ್ದಿರೇನೋ. ಆದರೆ ನೀವು ನನ್ನನ್ನು ಕೇಳಲಿಲ್ಲ, ಸಾಯುತ್ತಿದ್ದವನ ಬಾಯಿಂದ ಕಿತ್ತುಕೊಂಡಿರಿ. ಅವನು ನನಗಾಗಿ ನೋವು ನುಂಗಿ ಹೇಳಿದ್ದು ಒಂದೇ ಮಾತು. ಅದನ್ನು ತೆಗೆದುಹಾಕಿ, ಆ ಜಾಗದಲ್ಲಿ ನಿಮಗೆ ಬೇಕಾದ ಮಾತು ಇಟ್ಟಿರಿ. ಅವನ ಅಳುವನ್ನೂ ನನಗೆ ಕೊಡಲಿಲ್ಲ. ಇಷ್ಟು ವರ್ಷ ನಾನು ಅತ್ತದ್ದು ನಕ್ಕೋತ ಸತ್ತ ಯಾವನೋ ಒಬ್ಬನಿಗಾಗಿ. ನನ್ನ ಅಣ್ಣನಿಗಾಗಿ ಅತ್ತದ್ದು ಈ ವಾರವೇ.

ಇಪ್ಪತ್ತಾರರಂದು ಶಾಲೆಯಲ್ಲಿ ಮಾತಾಡುವವರು ಶಫೀಕ ಅವರು. ಆಮಂತ್ರಣದಿಂದ ನಿಮ್ಮ ಹೆಸರು ತೆಗೆಸಿದ್ದೇನೆ. ನಾನು ಸದ್ಯ ಲಕ್ಷ್ಮೇಶ್ವರಕ್ಕೆ ಬರುವುದಿಲ್ಲ. ಮುಂದೆ ಏನು ಎಂದು ಕೇಳಬೇಡಿ, ನನಗೂ ತಿಳಿದಿಲ್ಲ.

ಅವ್ವನಿಗೆ ನಾನು ಏನೂ ಹೇಳಿಲ್ಲ. ಅಳಿಯಂದಿರು ಯಾಕೆ ಬರಲಿಲ್ಲ ಎಂದು ದಿನಾ ಕೇಳುತ್ತಾಳೆ. ಇಪ್ಪತ್ತಾರಕ್ಕಿಂತ ಮೊದಲು ನೀವು ಇಲ್ಲಿಗೆ ಬಂದು, ಅವಳ ಎದುರು ಕುಳಿತು, ನಿಮ್ಮ ಬಾಯಿಂದಲೇ ಹೇಳಬೇಕು. ಸುಳ್ಳನ್ನು ಈ ಮನೆಗೆ ತಂದವರು ನೀವು, ತೆಗೆದುಕೊಂಡು ಹೋಗುವವರೂ ನೀವೇ ಆಗಬೇಕು. ನಾನು ನಿಮ್ಮನ್ನು ಬೇಡುವುದು ಇದೊಂದೇ.

ನಿಮ್ಮ ಶೈಲಾ ಎಂದು ಬರೆದು ರೂಢಿ. ಇವತ್ತು ಬರೆಯಲಾಗುತ್ತಿಲ್ಲ.

ಸಿದ್ದಾರೂಢನ ತಂಗಿ,
ಶೈಲಾ

ತಾ.ಕ.: ಪತ್ರ ಅಂಚೆಗೆ ಹಾಕುವ ಮೊದಲು ತಮ್ಮ ದ್ಯಾಮಪ್ಪನಿಗೆ ಓದಿ ಹೇಳುತ್ತಿದ್ದೆ. ಅವ್ವ ಹಿತ್ತಲಲ್ಲಿದ್ದಾಳೆ ಎಂದುಕೊಂಡಿದ್ದೆವು, ಬಾಗಿಲ ಹಿಂದೆ ಕುಳಿತಿದ್ದಳು. ಅವಳು ಕೂಗಲಿಲ್ಲ, ನಿಮ್ಮನ್ನು ಬೈಯಲಿಲ್ಲ. “ಸಾಲಿ ಬಿಡಸಬ್ಯಾಡ ಅಂದಿದ್ದನೇನ ನನ್ನ ಮಗ? ನಾನ ಬಿಡಿಸಿದ್ನಲ್ಲವ್ವಾ, ನನ್ನ ಕೈಯಾರೆ” ಎಂದಳು. ನನ್ನ ತಲೆ ಸವರಿದಳು, ಕಾಲೇಜಿಗೆ ಹೋಗುವಾಗ ಜಡೆ ಹೆಣೆಯುತ್ತಿದ್ದಳಲ್ಲ, ಹಾಗೆ. ಆದ್ದರಿಂದ ಮೇಲೆ ಬೇಡಿದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನೀವು ಬಂದು ಹೇಳುವುದು ಏನೂ ಉಳಿದಿಲ್ಲ. ಅವ್ವ ಹೇಳಿದ್ದನ್ನು ಹಾಗೆಯೇ ಮುಟ್ಟಿಸುತ್ತೇನೆ, ನನ್ನದೇನೂ ಸೇರಿಸುವುದಿಲ್ಲ: “ಅಳಿಯಂದಿರು ಬಂದ್ರ ಕುಂಡ್ರಸ್ರಿ, ಚಾ ಮಾಡಿ ಕೊಡ್ರಿ. ನನ್ನ ಮುಂದ ಮಾತ್ರ ಕರಕೊಂಡ ಬರಬ್ಯಾಡ್ರಿ.”